ಎಂ.ಎಚ್. ನಂಬರಿನ ಜೀಪು

"ಆ ಜೀಪ ಬಿಡ್ರಲೇ. ಅದರಾಗ ನಮ್ಮ ಮಾಮಾ ಅದಾನ," ಎಂದು ಬಾಳೇಶ ಫೋನಿನಲ್ಲಿ ಅರಚಿದ.

ಒಳಗೆ ಪಡಸಾಲೆಯಲ್ಲಿ ಅವನ ತಾಯಿ ಕರೆವ್ವನ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹೆಣ್ಣುಮಗಳ ಹೆಣ ಎತ್ತಬೇಕಾದರೆ ತವರಿನ ಸೀರೆ ಹೊದಿಸಬೇಕು. ಅದನ್ನು ಹೊದ್ದೇ ಹೋಗುತ್ತೇನೆ ಎಂದು ಕರೆವ್ವ ಹತ್ತು ಸಲ ಹೇಳಿದ್ದಳು. ಸೀರೆ ತರಬೇಕಾದ ತಮ್ಮ ಜಕ್ಕಪ್ಪ ಮಹಾರಾಷ್ಟ್ರದ ಜತ್ತ ಕಡೆಯ ಹಳ್ಳಿಯವನು. ಅವನ ಜೀಪು ಗಡಿಯಲ್ಲಿ ನಿಂತಿತ್ತು. ತಡೆದವರು ಬಾಳೇಶನ ಕನ್ನಡ ಸಂಘದವರೇ. ಬೆಳಗಾವಿಯ ಗಡಿ ಜಗಳಕ್ಕೆ ಉತ್ತರವಾಗಿ ಇವತ್ತು ಆಚೆಯ ಒಂದು ಗಾಡಿಯೂ ಬರಕೂಡದು ಎಂದು ಮೊನ್ನೆ ಜಮಖಂಡಿಯಲ್ಲಿ ಮೈಕು ಹಿಡಿದು ಹೇಳಿದವನೂ ಅವನೇ. ತಾಯಿ ಇಂದು ನಸುಕಿನಲ್ಲಿ ಸತ್ತಳು.

"ಯಾರ ಫೋನ್ ಬಂದ್ರೂ ಬಿಡಬ್ಯಾಡ್ರಿ, ನಂದ ಬಂದ್ರೂ ಬಿಡಬ್ಯಾಡ್ರಿ ಅಂದಿದ್ರಲ್ರಿ ಅಣ್ಣಾರ," ಎಂದ ಗಡಿಯಲ್ಲಿದ್ದ ಸಾತಪ್ಪ. ದನಿಯಲ್ಲಿ ಕೊಂಕಿರಲಿಲ್ಲ, ಹೆದರಿಕೆಯಿತ್ತು. "ಈಗ ನಮ್ಮ ಕೈಯಾಗ ಇಲ್ರಿ. ಎಂಟ ಊರಿನ ಮಂದಿ ಸೇರ್ಯಾರ. ಎಂ.ಎಚ್. ನಂಬರ್ ಕಂಡ್ರ ಸಾಕು..."

ಫೋನು ಕಟ್ಟಾಯಿತು. ಬಾಳೇಶ ಬೈಕಿನ ಕೀಲಿ ತೆಗೆದುಕೊಂಡ. ಇರುವವನು ಒಬ್ಬನೇ ಮಗ, ಹೆಣ ಬಿಟ್ಟು ಊರು ದಾಟಬಾರದು ಎಂದು ಹಿರಿಯ ಗಿರಿಮಲ್ಲಪ್ಪ ಬಾಗಿಲಿಗೆ ಅಡ್ಡ ನಿಂತ.

*

ಮೂರು ವರ್ಷದ ಹಿಂದೆ ಬಾಳೇಶ ಮನೆಯ ಮುಂದೆ ಸಂಘದ ಬೋರ್ಡು ಹಾಕಿದಾಗ ಕರೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು.

"ನಿಮ್ಮ ಮಾಮಾ ಇದರಾಗ ಯಾರ ಪೈಕಿ ಆಗ್ತಾನೋ?"

ಮಾಮಾ ನಮ್ಮವನು, ಅದರಲ್ಲಿ ಕೇಳುವುದೇನಿದೆ ಎಂದಿದ್ದ ಅವನು.

"ಅಲ್ಲಿ ಕನ್ನಡ ಸಾಲಿ ಮುಚ್ಚಬ್ಯಾಡ್ರಿ ಅಂತ ಲಾಠಿ ಪೆಟ್ಟ ತಿಂದಾಂವ ಅಂವಾ. ಆ ಮಂದಿ ಅಂವಗ ಕರ್ನಾಟಕದಾಂವ ಅಂತಾರ. ನೀವೂ ಹೊರಗಿನಾಂವ ಅನಬ್ಯಾಡ್ರಿ."

ಬಾಳೇಶ ನಕ್ಕು ರೊಟ್ಟಿ ಮುರಿದಿದ್ದ.

*

ಸಂಜೆಯ ತನಕ ಕಾದರು. ಹೆಂಗಸರು ಅತ್ತು ಅತ್ತು ಸುಮ್ಮನಾದರು. ಹೆಣ ಊದುತ್ತಿದೆ, ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಲೇಬೇಕು ಎಂದು ಗಿರಿಮಲ್ಲಪ್ಪ ಖಂಡಿತವಾಗಿ ಹೇಳಿದ. ಬಾಳೇಶನ ಹೆಂಡತಿ ಸುವರ್ಣಾ ಟ್ರಂಕಿನಿಂದ ಒಂದು ಸೀರೆ ತಂದಳು.

"ಅದು ನಿನ್ನ ತವರಿಂದು," ಎಂದ ಬಾಳೇಶ.

ಅವಳು ಅದರ ಮಡಿಕೆ ಬಿಚ್ಚಿದಳು. ಅದನ್ನೇ ಹೊದಿಸಿ ಎತ್ತಿದರು.

ಗುಂಡಿ ಮುಚ್ಚಿ ಮುಗಿಯುವ ಹೊತ್ತಿಗೆ ಜಕ್ಕಪ್ಪ ಜೀಪು ಬಿಟ್ಟು ಹೊಲದ ಒಡ್ಡು ಹಿಡಿದು ನಡೆದು ಬಂದ. ಅಂಗಿಯೊಳಗಿಂದ ಸೀರೆ ತೆಗೆದ. ಅದಕ್ಕೊಂದು ಕಲೆಯೂ ಇರಲಿಲ್ಲ. ಅವನ ಮುಖಕ್ಕೆ ಮಾತ್ರ ಹಳೆಯ ಇಂಜಿನ್ ಆಯಿಲ್ ಬಳಿದಿದ್ದರು.

"ಕನ್ನಡದಾಗ ಬೇಡ್ಕೊಂಡೆ ಬಾಳೂ," ಎಂದ. "ಕನ್ನಡ ಎಲ್ಲಿ ಕಲ್ತಿಯೋ ಮುದುಕಾ ಅಂದ್ರು."

ಬಾಳೇಶ ಟಾವೆಲಿನ ಅಂಚನ್ನು ಕೊಡದ ನೀರಿನಲ್ಲಿ ಅದ್ದಿ ಮಾವನ ಮುಖ ಒರೆಸತೊಡಗಿದ. ಆಯಿಲ್ ಹೋಗದೆ ಹರಡಿತು. ಬಿಡದೆ ತಿಕ್ಕಿದ. ಕಪ್ಪಿನೊಳಗಿಂದ ಮೊದಲು ಮೂಗು ಹೊರಗೆ ಬಂತು, ತಾನು ಈಗಷ್ಟೇ ಮಣ್ಣು ಮುಚ್ಚಿದ ಅವ್ವನದೇ ಮೂಗು.