ಆರುವ ದೀಪ, ಆರದ ಕಿಚ್ಚು

ಅತ್ತೆ ತಮ್ಮ ಸೊಂಟದ ಬೀಗದಕೈ ಗೊಂಚಲನ್ನು ಬಿಚ್ಚಿ ಚಿಕ್ಕ ಸೊಸೆಯ ಕೈಗೆ ಹಾಕಿದ ದಿನವೇ ದೊಡ್ಡ ಸೊಸೆಯ ಹೊಟ್ಟೆಗೆ ಕಿಚ್ಚು ಬಿತ್ತು. ಅವರದು ಬೇಕರಿ, ಕೆಳಗೆ ಭಟ್ಟಿ, ಮೇಲೆ ಮನೆ. ಅವತ್ತಿನಿಂದ ಭಟ್ಟಿಗಿಂತ ಹೆಚ್ಚಿನ ಕಾವು ಮಹಡಿಯ ಮೇಲೇ ಇತ್ತು ಎಂದರೆ ಸುಳ್ಳಲ್ಲ.

ಗೊಂಚಲೆಂದರೆ ಸಾಮಾನ್ಯದ್ದಲ್ಲ. ದಪ್ಪ ಹಿತ್ತಾಳೆ ಬಳೆಗೆ ಅಂಗಡಿ ಷಟರಿನದು, ಮೈದಾ ಕೋಣೆಯದು, ಗಲ್ಲಾಪೆಟ್ಟಿಗೆಯದು, ಬೀರುವಿನದು, ಗೇಟಿನದು, ಕಾರಿನದು ಎಲ್ಲವೂ ಸೇರಿದ್ದವು. ಜೊತೆಗೆ ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ, ಆದರೆ ಬಿಸಾಡಲು ಯಾರಿಗೂ ಧೈರ್ಯವಿಲ್ಲದ ತುಕ್ಕು ಹಿಡಿದ ಗಜಗಾತ್ರದ್ದೊಂದು. ಬೀಸಿ ಒಗೆದರೆ ಕಳ್ಳನ ತಲೆ ಎರಡು ಹೋಳಾಗಬೇಕು, ಅಷ್ಟು ಭಾರ. "ಗೊಂಚಲು ಒಡೆದ್ರೆ ಮನೆ ಒಡೆದ ಹಾಗೆ" ಎಂಬುದು ಅತ್ತೆಯ ಶಾಸನ. ಹಾಗಾಗಿ ಅದರಿಂದ ಒಂದನ್ನೂ ಯಾರೂ ಬಿಚ್ಚುವಂತಿರಲಿಲ್ಲ.

ಈ ಮನೆಗೆ ಮೊದಲು ಕಾಲಿಟ್ಟವಳು ದೊಡ್ಡ ಸೊಸೆ. ಹಿಟ್ಟು ನಾದಿ ನಾದಿ ರಟ್ಟೆ ಸವೆಸಿಕೊಂಡವಳು, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದವಳು. ನಿನ್ನೆ ಮೊನ್ನೆ ಬಂದ ವಾರಗಿತ್ತಿ, ಬಿಸಿ ಟ್ರೇ ಹಿಡಿಯಲೂ ಬಾರದವಳು, ಗೊಂಚಲನ್ನು ಝಣಝಣ ಅನ್ನಿಸುತ್ತ ಮೆಟ್ಟಿಲಿಳಿದರೆ ಇವಳಿಗೆ ಮೈಯೆಲ್ಲ ಉರಿ. ಆ ಸದ್ದು ಕಿವಿಗೆ ಬಿದ್ದರೆ ಎದುರಿಗೆ ಹಾಲು ಉಕ್ಕಿದರೂ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಕಾರಿನ ದೀಪ ಕೈಕೊಡಲು ಶುರುಮಾಡಿತು.

ಹಿಂದಿನ ಸೀಟು ಕಿತ್ತು ಟ್ರೇ ಜೋಡಿಸಿಕೊಂಡಿದ್ದ ಹಳೇ ಕಾರು. ಸಂಜೆ ಹೋಟೆಲುಗಳಿಗೆ ಬ್ರೆಡ್ಡು ಬನ್ನು ಹಾಕಿ ಬರುವುದು ಚಿಕ್ಕವಳ ಕೆಲಸ. ಹೋಗುತ್ತ ಹೋಗುತ್ತ ಮುಂದಿನ ದೀಪ ಎರಡೂ ಫಕ್ಕನೆ ಆರುತ್ತಿದ್ದವು. ಎಂಜಿನ್ ಏನೂ ಆಗದಂತೆ ಓಡುತ್ತಿರುತ್ತಿತ್ತು. ಸ್ವಲ್ಪ ದೂರ ಹೋದರೆ ದೀಪಗಳು ತಾವೇ ಹತ್ತಿಕೊಳ್ಳುತ್ತಿದ್ದವು. ಆದರೆ ಗೊಂಚಲನ್ನು ಹೊರಗಿನವರ ಕೈಗೆ ಕೊಡುವಂತಿಲ್ಲವೆಂದು ದೊಡ್ಡವಳ ಗಂಡ ತನ್ನ ಬಳಿಯಿದ್ದ ಕಾರಿನ ಇನ್ನೊಂದು ಬಿಡಿ ಕೀ ಹಾಕಿಕೊಂಡು ರಿಪೇರಿಗೆ ಒಯ್ದರೆ ಜಪ್ಪಯ್ಯ ಅಂದರೂ ಆರುತ್ತಿರಲಿಲ್ಲ. ಬೀದಿಯವರೆಲ್ಲ ವಯರ್ ಮಾಮ ಎಂದು ಕರೆಯುತ್ತಿದ್ದ ಎಲೆಕ್ಟ್ರಿಷಿಯನ್ ಬಲ್ಬು ಬದಲಿಸಿದ, ಫ್ಯೂಸು ಬದಲಿಸಿದ, ರಿಲೇ ಬದಲಿಸಿದ, ವಯರುಗಳನ್ನೆಲ್ಲ ಎಳೆದೆಳೆದು ನೋಡಿದ. ಕೊನೆಗೆ ಕೈ ಒರೆಸಿಕೊಂಡು, "ಕಾರಿಗೆ ಏನೂ ಆಗಿಲ್ಲಪ್ಪ. ಓಡ್ಸೋರನ್ನೇ ಒಂದ್ಸಲ ವಿಚಾರ್ಸಿ" ಅಂದ.

ಈ ಮಾತು ಮನೆಗೆ ಬಂದಾಗ ದೊಡ್ಡವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಕುಣೀಲಾರ್ದೋಳು ನೆಲ ಡೊಂಕು ಅಂದಳಂತೆ" ಎಂದು ಗೋಡೆಗೆ ಹೇಳಿದಳು. ಗೋಡೆಯಾಚೆ ವಾರಗಿತ್ತಿ ಇದ್ದಾಳೆಂದು ಗೊತ್ತಿದ್ದೇ ಹೇಳಿದಳು.

ಅತ್ತೆ ತೀರ್ಮಾನ ಕೊಟ್ಟರು. "ಇವತ್ತು ದೊಡ್ಡೋಳು ಜೊತೇಲಿ ಹೋಗಿ ನೋಡ್ಲಿ. ದಾರೀಲಿ ಮತ್ತೆ ದೀಪ ಆರಿದ್ರೆ ಕಾರಿಗೆ ಒಬ್ಬ ಡ್ರೈವರ್ ಇಟ್ಟು ಅವನಿಗೆ ಬಿಡಿ ಕೀ ಕೊಡೋಣ. ಗೊಂಚಲು ದೊಡ್ಡೋಳ ಹತ್ರ ಇರ್ಲಿ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ದೊಡ್ಡವಳು ಚಪ್ಪಲಿ ಮೆಟ್ಟಿ ಎಲ್ಲರಿಗಿಂತ ಮೊದಲೇ ಹೋಗಿ ಕಾರಿನಲ್ಲಿ ಕುಳಿತಳು.

ಆದರೆ ತಪ್ಪು ಹುಡುಕಲು ಹೋದವಳಿಗೆ ಸಿಕ್ಕಿದ್ದು ಬೇರೆಯೇ. ಚಿಕ್ಕವಳು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಗಾಡಿ ಓಡಿಸುತ್ತಿದ್ದಳು. ಹೋಟೆಲಿನವರು ಇವಳ ಹಾರ್ನ್ ಕೇಳಿದೊಡನೆ ನಗುತ್ತ ಹೊರಗೆ ಬರುತ್ತಿದ್ದರು. ಕಿಟಕಿಯಿಂದ ಗಾಳಿ ಬೀಸುತ್ತಿತ್ತು. ಭಟ್ಟಿಯ ಮುಂದೆ ನಿಂತೇ ಸಂಜೆ ಕಳೆದ ದೊಡ್ಡವಳಿಗೆ ಊರಿನಲ್ಲಿ ಇಷ್ಟೊಂದು ಗಾಳಿ ಇದೆಯೆಂದೇ ಗೊತ್ತಿರಲಿಲ್ಲ. ಹೊಟ್ಟೆಯ ಕಿಚ್ಚಿಗೆ ಇನ್ನೊಂದು ಕೊಳ್ಳಿ ಬಿತ್ತು. ಅವಳು ದಾರಿಯನ್ನು ಬಿಟ್ಟು ಗೊಂಚಲನ್ನೇ ಗುರಾಯಿಸತೊಡಗಿದಳು. ಸ್ಟಿಯರಿಂಗಿನ ಪಕ್ಕ, ಇವಳ ಕೈಗೆಟಕುವ ಕಡೆಯಲ್ಲೇ, ಅದು ಕೀಗೆ ಜೋತುಬಿದ್ದು ತೂಗಾಡುತ್ತಿತ್ತು.

ಸೇತುವೆ ದಾಟುವಾಗ ಕತ್ತಲಾಗಿತ್ತು. ಚಕ್ರ ಗುಂಡಿಗೆ ಇಳಿದು ಏರಿತು, ಗೊಂಚಲು ಧಡಾರನೆ ಜಗ್ಗಿತು, ದೀಪ ಆರಿತು. ಎದುರಿಗೆ ಲಾರಿ.

"ಅಯ್ಯೋ ಅಕ್ಕಾ!" ಎಂದು ಚಿಕ್ಕವಳು ಬ್ರೇಕ್ ಒತ್ತಿದಳು. ಹೆದರಿದ ಕೈ ಸಿಕ್ಕಿದ್ದನ್ನು ಹಿಡಿಯುತ್ತದೆ. ದೊಡ್ಡವಳ ಕೈಗೆ ಸಿಕ್ಕಿದ್ದು ಗೊಂಚಲು. ಅದನ್ನು ಗಬಕ್ಕನೆ ಹಿಡಿದು ಮೇಲೆತ್ತಿದಳು, ದೀಪ ಹತ್ತಿತು. ಲಾರಿ ಬೈಯುತ್ತ ಪಕ್ಕದಲ್ಲೇ ಹಾದುಹೋಯಿತು. ಲಾರಿ ದೂರವಾದ ಮೇಲೆ ದೊಡ್ಡವಳು ಮೆಲ್ಲಗೆ ಕೈ ಬಿಟ್ಟಳು. ಮುಂದಿನ ಗುಂಡಿಗೆ ಮತ್ತೆ ಆರಿತು. ಎತ್ತಿದಳು, ಹತ್ತಿತು. ರಸ್ತೆಯ ಮೇಲೇ ಕಣ್ಣಿಟ್ಟಿದ್ದ ಚಿಕ್ಕವಳು ಇದೊಂದನ್ನೂ ನೋಡಲಿಲ್ಲ.

ಮನೆಯಲ್ಲಿ ಅತ್ತೆ ಕೇಳಿದರು. "ಏನಾಯ್ತು?"

"ಆರ್ತು" ಅಂದಳು ದೊಡ್ಡವಳು. ಅಷ್ಟೇ ಅಂದಳು. ಸುಳ್ಳೇನಲ್ಲವಲ್ಲ.

"ಹಾಗಾದ್ರೆ ಆಯ್ತು. ನಾಡಿದ್ದಿಂದ ಡ್ರೈವರ್ ಬರ್ತಾನೆ. ನಾಳೆ ಒಂದಿನ ಇವಳೇ ಹೋಗಿ ಬರ್ಲಿ, ಆಮೇಲೆ ಗೊಂಚಲು ನಿಂದು."

ಚಿಕ್ಕವಳ ಮುಖ ಸಪ್ಪಗಾಯಿತು. ಆದರೂ, "ಅಕ್ಕ ಪಕ್ಕದಲ್ಲಿದ್ರಲ್ಲ ಅತ್ತೆ, ಅದಕ್ಕೇ ಉಳ್ಕೊಂಡೆ" ಅಂದಳು. ದೊಡ್ಡವಳಿಗೆ ಅವಳ ಈ ಒಳ್ಳೆಯತನ ಗೊಂಚಲಿಗಿಂತ ಹೆಚ್ಚು ಉರಿಸಿತು.

ಮರುದಿನ ಸಂಜೆ ಟ್ರೇ ತುಂಬಿದ್ದಾಯಿತು. ಚಿಕ್ಕವಳು ಕೀ ತಿರುಗಿಸಿದಳು, ಗೊಂಚಲು ಝಣ್ ಎಂದಿತು. ದೊಡ್ಡವಳು ಬಾಗಿಲಲ್ಲಿ ನಿಂತಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಇಷ್ಟು ವರ್ಷ ಬಯಸಿದ್ದು ನಾಳೆ ಸೊಂಟಕ್ಕೆ ಬರುತ್ತಿತ್ತು. ಆದರೆ ಸೇತುವೆ ಕಣ್ಣಮುಂದೆ ಬಂತು, ಲಾರಿ ಬಂತು. ಈ ಸಲ ಗೊಂಚಲು ಎತ್ತಿ ಹಿಡಿಯಲು ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ಅವಳ ಹೊಟ್ಟೆಯಲ್ಲಿ ಕಿಚ್ಚಿತ್ತು ನಿಜ, ಎದೆಯಲ್ಲಿ ಕಲ್ಲಿರಲಿಲ್ಲ. ಹಿಟ್ಟಿನ ಕೈಯಲ್ಲೇ ಓಡಿಹೋಗಿ ಬಾನೆಟ್ಟಿನ ಮೇಲೆ ದಬದಬ ಬಡಿದಳು.

"ಇಳಿಯೇ ಕೆಳಗೆ! ದೀಪ ಆರ್ತಿರೋದು ನಿನ್ನಿಂದಲ್ಲ, ಆ ಹಾಳು ಗೊಂಚಲಿಂದ!"

ವಯರ್ ಮಾಮ ಬಂದು ಕೀ ಹಾಕುವ ಸ್ವಿಚ್ಚನ್ನೇ ಬಿಚ್ಚಿದ. ಇಂಗು ತಿಂದ ಮಂಗನ ಮುಖ ಮಾಡಿಕೊಂಡು, "ಒಳಗೆ ಸವೆದೋಗಿದೆ ಕಣಮ್ಮ. ಇಷ್ಟೊಂದು ಕಬ್ಬಿಣ ನೇತಾಕಿದ್ರೆ ಇನ್ನೇನಾಗುತ್ತೆ? ನಂಗೆ ಯಾವಾಗ್ಲೂ ಬಿಡಿ ಕೀಲೇ ತಂದ್ಕೊಡ್ತಿದ್ರಿ, ಎಲ್ಲಿಂದ ಗೊತ್ತಾಗ್ಬೇಕು?" ಅಂದ. ಹೊಸ ಸ್ವಿಚ್ ಕೂರಿಸಿ, "ಕಾರಿನ ಕೀ ಇನ್ಮೇಲೆ ಬೇರೆ ಇರ್ಲಿ" ಎಂದು ಹೇಳಿ ಹೋದ.

ಅತ್ತೆ ಗೊಂಚಲನ್ನು ಮಡಿಲಿಗೆ ಹಾಕಿಕೊಂಡರು. ತಾವೇ ಬಳೆ ಅಗಲಿಸಿ ಕಾರಿನ ಕೀ ತೆಗೆದರು. "ಯಾರಿಗೆ ಯಾವ್ದು?" ಎಂದರು.

"ನಂಗೆ ಈ ಕೀ ಒಂದು ಸಾಕು ಅತ್ತೆ," ಚಿಕ್ಕವಳು ತಟ್ಟನೆ ಕೈ ಚಾಚಿದಳು. "ಮಿಕ್ಕಿದ್ದೆಲ್ಲ ಅಕ್ಕಂಗೇ ಕೊಡಿ. ಷಟರು, ಬೀರು, ಗಲ್ಲಾ ಅಂತ ನಂಗೆ ತಲೆ ಚಿಟ್ಟು ಹಿಡಿದೋಗಿತ್ತು."

"ಅವತ್ತೂ ನಿಂಗೇ ಕೊಡ್ಬೇಕು ಅಂತಿದ್ದೆ," ಅತ್ತೆ ದೊಡ್ಡವಳ ಕಡೆ ತಿರುಗಿದರು. "ಆದ್ರೆ ನಿಮ್ಮಿಬ್ರಲ್ಲಿ ಕಾರು ಓಡ್ಸೋಕೆ ಬರೋದು ಇವಳಿಗೆ. ಗೊಂಚಲು ಒಡೀಬಾರ್ದು. ಇನ್ನೇನ್ ಮಾಡ್ಲಿ ಹೇಳು?"

ದೊಡ್ಡವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಬಂದಳು. ಗೊಂಚಲು ಅವಳ ಸೊಂಟಕ್ಕೆ ಬಂತು, ಸೀರೆ ಅಷ್ಟಕ್ಕೇ ಒಂದು ಕಡೆ ಜಗ್ಗಿತು.

"ಮೈದಾ ಕೋಣೆ ತೆಗಿಯೇ" ಎಂದ ಭಟ್ಟಿಯ ಮುಂದಿದ್ದ ಗಂಡ. "ಗಲ್ಲಾ ಕೀ ಎಲ್ಲಿ ಅತ್ಗೆ?" ಎಂದ ಅಂಗಡಿಯಲ್ಲಿದ್ದ ಮೈದುನ. "ಬೀರುವಿಂದ ನನ್ನ ಶಾಲು ಕೊಡಮ್ಮ" ಎಂದರು ಅತ್ತೆ.

ಬಾಗಿಲಿಗೆ ಬಂದು ನಿಂತ ದೊಡ್ಡವಳು ಅಲ್ಲಿಂದ ಕದಲಲಿಲ್ಲ. ಬೀದಿಯಲ್ಲಿ ಚಿಕ್ಕವಳು ಒಂಟಿ ಕೀಯನ್ನು ಬೆರಳಲ್ಲಿ ಗಿರಗಿರ ತಿರುಗಿಸುತ್ತ ಕಾರು ಹತ್ತಿದಳು. ಕಿಟಕಿ ಇಳಿಸಿ, "ಬರ್ತೀನಿ ಅಕ್ಕಾ" ಎಂದು ಕೈಬೀಸಿದಳು. ಕಾರು ಮುಂದೆ ಹೋಯಿತು. ಬೀದಿಯ ಉದ್ದಕ್ಕೂ ಬೆಳಕು ಚೆಲ್ಲಿತು, ತಿರುವಿನ ಗೋಡೆಯ ಮೇಲೆ ಹರಿಯಿತು.

ಒಂದೇ ಒಂದು ಸಲ ಆರಬಾರದೇ ಎಂದು ದೊಡ್ಡ ಸೊಸೆ ಸೊಂಟದ ಗೊಂಚಲನ್ನು ಬಿಗಿಯಾಗಿ ಹಿಡಿದು ನೋಡುತ್ತಲೇ ಇದ್ದಳು. ದೀಪ ಆರಲಿಲ್ಲ.