ಪಕ್ಕದ ಸೀಟಿನ ಬ್ರೇಕು

ಅಪ್ಪನ ಡ್ರೈವಿಂಗ್ ಸ್ಕೂಲಿಗೆ ಸೇರಿದವರು ಮೂವತ್ತು ದಿನದಲ್ಲಿ ಲೈಸೆನ್ಸ್ ಹಿಡಿದುಕೊಂಡು ಹೋಗುತ್ತಾರೆ. ನಾನು ಹನ್ನೊಂದು ತಿಂಗಳಿಂದ ಕಲಿಯುತ್ತಲೇ ಇದ್ದೆ. ಹೊರಗೆ ಹೇಳಿಕೊಂಡರೆ ಜನ ನಗುತ್ತಾರೆ, ನಗಲಿ. ಆ ಸ್ಕೂಲಿನಲ್ಲಿ ಬಂದವರ ಅರ್ಜಿ ತುಂಬುವವಳೂ ನಾನೇ, ಬೆಳಿಗ್ಗೆ ಗಾಡಿಯ ಗಾಜು ಒರೆಸುವವಳೂ ನಾನೇ.

ಇಂಥ ಗಾಡಿಯಲ್ಲಿ ಕಲಿಸುವವರ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಎಡವಟ್ಟು ಮಾಡಿದರೆ ಒತ್ತುವುದಕ್ಕೆ. ಅಪ್ಪನ ಕಾಲು ಅದರ ಮೇಲಿಂದ ಏಳುತ್ತಿರಲಿಲ್ಲ. ಬಾಯಿಗೂ ಬಿಡುವಿರಲಿಲ್ಲ.

"ಎದುರಿಗೆ ಬರೋನು ಕುರುಡ ಅಂದ್ಕೋ. ಹಿಂದೆ ಬರೋನು ಕುಡುಕ ಅಂದ್ಕೋ."

ಇದು ಅವನಿಗೆ ಗಾಡಿ ಕಲಿಸಿದ ಮೇಷ್ಟ್ರು ಹೇಳಿಕೊಟ್ಟ ಬುದ್ಧಿಮಾತು. ಅಪ್ಪ ಅದನ್ನು ರಸ್ತೆಯಲ್ಲೇ ಬಿಟ್ಟು ಬಂದವನಲ್ಲ. ನಾನು ಕಾಲೇಜು ಸೇರುವಾಗಲೂ ಅದೇ, ಗೆಳತಿಯರ ಜೊತೆ ಪ್ರವಾಸ ಹೊರಟಾಗಲೂ ಅದೇ, ಒಮ್ಮೆ ಧೈರ್ಯ ಮಾಡಿ ಒಬ್ಬ ಹುಡುಗನನ್ನು ಮನೆಗೆ ಕರೆದುಕೊಂಡು ಬಂದಾಗಲೂ ಅದೇ. ಆ ಹುಡುಗ ಮತ್ತೆ ಬರಲಿಲ್ಲ. ಇಪ್ಪತ್ತೇಳು ವರ್ಷಕ್ಕೆ ನನ್ನ ಪ್ರಪಂಚದಲ್ಲಿ ಕುರುಡರು, ಕುಡುಕರು ಬಿಟ್ಟರೆ ಉಳಿದದ್ದು ಅಪ್ಪ ಒಬ್ಬನೇ.

"ನಿನ್ನ ಒಳ್ಳೇದಕ್ಕೇ ಹೇಳೋದು ಕಣೆ. ಕೇಳಿಸ್ಕೊಂಡ್ರೆ ನೀನೇನು ಸವೆದು ಹೋಗ್ತೀಯಾ?" ಅನ್ನುತ್ತಿದ್ದಳು ಸೋದರತ್ತೆ. ಸವೆಯುತ್ತಿದ್ದೆ. ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಅಷ್ಟೇ.

ಅಷ್ಟರಲ್ಲಿ ನಾನು ಅರ್ಜಿ ಹಾಕಿದ್ದ ಸಂಚಾರಿ ಗ್ರಂಥಾಲಯದಿಂದ ಕಾಗದ ಬಂತು. ಪುಸ್ತಕ ತುಂಬಿದ ವ್ಯಾನನ್ನು ಬಡಾವಣೆಯಿಂದ ಬಡಾವಣೆಗೆ ಓಡಿಸುವ ಕೆಲಸ. 'ಸಹಾಯಕರು ಇರುವುದಿಲ್ಲ' ಅಂತ ಬರೆದಿದ್ದರು. ಆ ಸಾಲನ್ನು ನಾನು ಪ್ರೇಮಪತ್ರದ ಹಾಗೆ ಓದಿಕೊಂಡೆ. ತಿಂಗಳ ಕೊನೆಯೊಳಗೆ ಲೈಸೆನ್ಸ್ ತೋರಿಸಬೇಕು, ಇಲ್ಲವಾದರೆ ಕೆಲಸ ಪಟ್ಟಿಯಲ್ಲಿ ನನ್ನ ಹಿಂದಿರುವವರಿಗೆ. ಪರೀಕ್ಷೆಗೆ ನಾನೇ ಅರ್ಜಿ ಹಾಕಿ, ದಿನ ಗೊತ್ತಾದ ಮೇಲಷ್ಟೇ ಅಪ್ಪನಿಗೆ ಹೇಳಿದೆ.

"ಇನ್ನೊಂದು ತಿಂಗಳು ಹೋಗ್ಲಿ, ಪುಟ್ಟಿ. ನಿನ್ನ ಕೈ ಇನ್ನೂ ಕೂತಿಲ್ಲ."

"ಕೂತೂ ಕೂತೂ ಜೋಮು ಹಿಡಿದಿದೆ ಅಪ್ಪ."

ಪರೀಕ್ಷೆಯ ದಿನ ಅಪ್ಪ ಆರ್‌ಟಿಒ ಕಚೇರಿಯ ಗೇಟಿನ ಹೊರಗೆ ನಿಂತ. ಅವನ ಸೀಟಿನಲ್ಲಿ ಅಧಿಕಾರಿ ಕೂತರು, ಮಾತು ಕಡಿಮೆಯ ಮನುಷ್ಯ. ತಿರುವು ಸರಿಯಾಗಿ ತೆಗೆದುಕೊಂಡೆ. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಲಿಲ್ಲ. ಆಮೇಲೆ ಒಬ್ಬ ಹೆಂಗಸು ಚೀಲ ಹಿಡಿದುಕೊಂಡು ರಸ್ತೆಗೆ ಇಳಿದಳು. ನನಗೆ ಕಂಡಳು, ಅವಳ ಚೀಲದಿಂದ ಇಣುಕುತ್ತಿದ್ದ ಬ್ರೆಡ್ಡು ಕೂಡ ಕಂಡಿತು. ಇನ್ನೇನು ಗಾಡಿ ನಿಲ್ಲುತ್ತದೆ ಅಂದುಕೊಂಡೆ. ನಿಲ್ಲಲಿಲ್ಲ. ಅಧಿಕಾರಿ ಒತ್ತಿದರು. ನಾವಿಬ್ಬರೂ ಮುಂದಕ್ಕೆ ಮುಗ್ಗರಿಸಿದೆವು, ಹೆಂಗಸು ಬೈದುಕೊಂಡು ಹೋದಳು.

"ಬ್ರೇಕ್ ಯಾಕಮ್ಮ ಹಿಡೀಲಿಲ್ಲ?"

ನಾನು ನನ್ನ ಕಾಲು ನೋಡಿಕೊಂಡೆ. ಅದು ಬ್ರೇಕಿನ ಮೇಲೇ ಇತ್ತು, ಸುಮ್ಮನೆ. ಪಕ್ಕದವರು ಒತ್ತಿದರೆ ನನ್ನ ಕಾಲಡಿಯ ಬ್ರೇಕೂ ಜೊತೆಗೇ ಇಳಿಯುತ್ತದೆ. ಹನ್ನೊಂದು ತಿಂಗಳು ಹಾಗೆ ಇಳಿದದ್ದನ್ನೆಲ್ಲ ನಾನೇ ಒತ್ತಿದ್ದು ಅಂದುಕೊಂಡಿದ್ದೆ.

ಎರಡು ವಾರ ಬಿಟ್ಟು, ತಿಂಗಳು ಮುಗಿಯುವ ಮೊದಲೇ, ಮತ್ತೆ ಬರಬಹುದು ಅಂತ ಅಧಿಕಾರಿ ಚೀಟಿ ಬರೆದುಕೊಟ್ಟರು.

"ಫೇಲು," ಅಂದೆ ಗೇಟಿನ ಹತ್ತಿರ. ಅಪ್ಪನ ಮುಖದಲ್ಲಿ ನೆಮ್ಮದಿ ಹಾದುಹೋಯಿತು. ಮುಚ್ಚಿಡಲು ನೋಡಿದ, ಆಗಲಿಲ್ಲ. ನನಗೆ ಉರಿದುಹೋಯಿತು.

"ಬಿಡು, ಮುಂದಿನ ತಿಂಗಳು ನೋಡೋಣ."

"ಬೇರೆಯವರಿಗೆ ಕಲಿಸುವಾಗಲೂ ಹೀಗೇ ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇರ್ತೀಯಾ?"

"ಇಲ್ಲ. ಹತ್ತನೇ ದಿನಕ್ಕೆ ಕಾಲು ಮಡಚಿ ಸೀಟಿನ ಮೇಲೆ ಇಟ್ಕೋತೀನಿ. ಅದೂ ಮೇಷ್ಟ್ರು ಹೇಳಿದ್ದೇ. ನೀನು ಕಾಲು ತೆಗೀದೆ ಇದ್ರೆ ಅವರು ಕಲಿಯಲ್ಲ ಕಣಯ್ಯ ಅಂತ."

"ಅದನ್ನ ನಂಗೆ ಯಾವತ್ತೂ ಹೇಳಲಿಲ್ಲ."

"ಹೇಳಿದ್ರೆ ತೆಗೀಬೇಕಾಗ್ತಿತ್ತಲ್ಲ." "ದಿನಾ ಅಂದ್ಕೋತೀನಿ, ಇವತ್ತು ತೆಗೀಬೇಕು ಅಂತ. ಬೇರೆಯವರ ಮಕ್ಕಳಾದ್ರೆ ಆಗುತ್ತೆ. ನಿಂಗಾದ್ರೆ ಆಗಲ್ಲ ಪುಟ್ಟಿ."

ಅವನ ಕಣ್ಣು ತುಂಬಿತ್ತು. ಪಾಪ ಅನ್ನಿಸಿತು, ಸಿಟ್ಟು ಮಾತ್ರ ಇಳಿಯಲಿಲ್ಲ.

ವಾಪಸ್ಸು ನಾನೇ ಓಡಿಸಿದೆ. ಮೊದಲ ಸಿಗ್ನಲ್ಲಿನಲ್ಲಿ ನಾನು ಒತ್ತುವ ಮೊದಲೇ ಬ್ರೇಕ್ ಇಳಿಯಿತು. ಎರಡನೆಯದರಲ್ಲೂ ಇಳಿಯಿತು. ಅಷ್ಟೆಲ್ಲ ಮಾತಾದ ಮೇಲೂ! ಅಪ್ಪ ಹೊರಗೆ ನೋಡುತ್ತಿದ್ದ. ಕಾಲು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಇವನು ಕೆಟ್ಟವನಾಗಿದ್ದಿದ್ದರೆ ಎಷ್ಟು ಸುಲಭವಾಗಿರುತ್ತಿತ್ತು ಅನ್ನಿಸಿತು.

ನಮ್ಮ ಸ್ಕೂಲಿನ ಎದುರಿಗೇ ಇನ್ನೊಂದು ಸ್ಕೂಲಿದೆ. ಅದನ್ನು ನಡೆಸುವ ಹೆಂಗಸಿಗೆ ಅಪ್ಪ ಇಟ್ಟ ಹೆಸರು ಗೋಡೆಗುದ್ದಿ. ಅವಳ ಶಿಷ್ಯರೆಲ್ಲ ಮೊದಲು ಗೋಡೆಗೆ ಗುದ್ದಿಯೇ ಕಲಿಯುವುದಂತೆ. ಗಾಡಿ ನಿಲ್ಲಿಸಿ ನಾನು ನಮ್ಮ ಮೆಟ್ಟಿಲು ಹತ್ತಲಿಲ್ಲ, ರಸ್ತೆ ದಾಟಿದೆ.

"ಪುಟ್ಟಿ, ಎಲ್ಲಿಗೆ?"

ತಿರುಗಿ ನೋಡಿದರೆ ನಿಂತುಬಿಡುತ್ತೇನೆ ಅಂತ ಗೊತ್ತಿತ್ತು. ನೋಡಲಿಲ್ಲ.

ಗೋಡೆಗುದ್ದಿ ನನ್ನ ಮುಖ ನೋಡಿದಳು, ಎದುರಿನ ನಮ್ಮ ಬೋರ್ಡು ನೋಡಿದಳು, ಏನೂ ಕೇಳದೆ ಅರ್ಜಿ ಮುಂದಿಟ್ಟಳು. ಅಂಥ ನೂರಾರು ತುಂಬಿದ ಕೈ ನನ್ನದು. ಹೆಸರು, ವಯಸ್ಸು, ವಿಳಾಸ ಸರಸರ ಬರೆದೆ. 'ಈ ಮೊದಲು ಎಲ್ಲಾದರೂ ಕಲಿತಿದ್ದೀರಾ?' ಅನ್ನುವ ಕಡೆ ಪೆನ್ನು ನಿಂತಿತು. ಕಿಟಕಿಯಾಚೆ ಅಪ್ಪ ಇನ್ನೂ ಗಾಡಿಯಿಂದ ಇಳಿದಿರಲಿಲ್ಲ. ನನ್ನನ್ನೇ ನೋಡುತ್ತಿದ್ದ.

ಇಲ್ಲ, ಅಂತ ಬರೆದೆ.