ಕೊಟ್ಟಿಗೆ ಬಾಗಿಲಿನ ಔಷಧಿ ನೀರು

ಡಾಕ್ಟರಮ್ಮ ಬಂದರೆ ಹಡಗಿನಿಂದಿಳಿದ ಹೋರಿಗಳೂ ಸಾಲಾಗಿ ನಿಲ್ಲುತ್ತವೆ ಎಂದು ಬಂದರಿನಲ್ಲಿ ತಮಾಷೆ ಮಾಡುತ್ತಿದ್ದರು. ಪರದೇಶದ ದನಗಳನ್ನು ರೋಗವಿಲ್ಲವೆಂದು ಖಾತ್ರಿಯಾಗುವವರೆಗೆ ಕೂಡಿಹಾಕುವ ಕೊಟ್ಟಿಗೆಗೆ ಅವಳೇ ಯಜಮಾನಿ. ಬಾಗಿಲಲ್ಲಿ ಔಷಧಿ ನೀರಿನ ತೊಟ್ಟಿ; ಅದರಲ್ಲಿ ಬೂಟು ಅದ್ದದೆ ಯಾರೂ ದಾಟುವಂತಿಲ್ಲ. ಹೊಸ ಬೂಟು ಹಾಳಾಗುತ್ತದೆಂದು ಮೂಗು ಮುರಿದ ಮೇಲಧಿಕಾರಿಯನ್ನೇ ಅವಳು ವಾಪಸು ಕಳಿಸಿದ್ದಳು. ಇಲ್ಲಿ ಕೆಲಸ ಮಾಡಿದವರು ಕೆಲವು ದಿನ ಬೇರೆಯವರ ಕೊಟ್ಟಿಗೆ ಮೆಟ್ಟಬಾರದು ಎಂದು ಎಲ್ಲರಿಗೂ ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು.

ಅಂಥವಳು, ಮಗಳಿಗೆ ಹೆರಿಗೆಯಾಯಿತೆಂದು ಫೋನ್ ಬಂದದ್ದೇ ತಡ, ಹೋರಿಗಳ ಬಾಯಿ ಬಿಡಿಸಿ ನೋಡುತ್ತಿದ್ದ ಕೋಟಿನಲ್ಲೇ ಬೀಗರ ಮನೆಗೆ ಓಡಿದಳು. ಕೋಟು ಕಳಚಿ, ಕೈ ತೊಳೆದು ಮೊಮ್ಮಗಳನ್ನು ಎತ್ತಿಕೊಂಡಳು. ಹೊರಡುವಾಗ ಕೋಟು ತೊಟ್ಟವಳ ಕೈಯನ್ನು ಬೀಗಿತ್ತಿ ಹಿಡಿದುಕೊಂಡರು. ನಮ್ಮ ಹಸುವೂ ಕರು ಹಾಕಿದೆ, ನೋಡದೆ ಹೋದರೆ ಬಿಡುವುದಿಲ್ಲ ಎಂದರು. ಕೊಟ್ಟಿಗೆ ಬಾಗಿಲಲ್ಲಿ ಡಾಕ್ಟರಮ್ಮನೇ ಹಿಂದೆ ಇಡಿಸಿದ್ದ ಅಂಥದೇ ಸಣ್ಣ ತೊಟ್ಟಿಯಿತ್ತು. ಬೀಗಿತ್ತಿ ನಗುತ್ತಾ ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು.

"ಇದೆಲ್ಲ ಹೊರಗಿನವರಿಗೆ. ನೀವು ಬನ್ನಿ ಬೀಗ್ರೇ."

ಬರಬಾರದೆಂದು ಅವಳಿಗೆ ಗೊತ್ತಿತ್ತು. ಮಾತು ನಾಲಿಗೆ ತುದಿಗೂ ಬಂದಿತ್ತು. ಆದರೆ ಮಗಳ ಅತ್ತೆಗೆ ನಿಮ್ಮ ಕೊಟ್ಟಿಗೆಗೆ ಬರಲಾರೆ ಎಂದು ಹೇಗೆ ಹೇಳುವುದು? ಸಂಕೋಚಕ್ಕೆ ಕಟ್ಟುಬಿದ್ದು ಒಳಗೆ ಹೋದಳು. ಕರು ಅವಳ ಕೋಟಿನ ತೋಳನ್ನು ಚೀಪಿತು. ಇಬ್ಬರೂ ನಕ್ಕರು.

ಆಮೇಲೆ ಬಂದರಿನ ಹೋರಿಗಳಿಗೆ ಕಾಲುಬಾಯಿ ಜ್ವರ ಕಾಣಿಸಿತು. ಅದರ ಬೆನ್ನಿಗೇ ಬೀಗರ ಕೊಟ್ಟಿಗೆಯಿಂದಲೂ ಸುದ್ದಿ ಬಂತು. ಕರು ಸತ್ತಿತ್ತು.

ಮೈತುಂಬ ಪ್ಲಾಸ್ಟಿಕ್ ಉಡುಪು ತೊಟ್ಟು ಅವಳೂ ಅವಳ ಸಹಾಯಕನೂ ಅಲ್ಲಿಗೆ ಹೋದಾಗ ಹಸುಗಳು ಜೊಲ್ಲು ಸುರಿಸುತ್ತಾ, ಕಾಲೂರಲಾಗದೆ ನಿಂತಿದ್ದವು. ರೋಗ ಎಲ್ಲಿಂದ ಬಂತೆಂದು ಹುಡುಕುವುದು ಸಹಾಯಕನ ಕೆಲಸ. ಹೊರಗಿನವರು ಯಾರಾದರೂ ಒಳಗೆ ಬಂದಿದ್ದರೇ ಎಂದು ಅವನು ಕೇಳಿದ. ಬೀಗಿತ್ತಿ ಅತ್ತು ಕೆಂಪಾದ ಕಣ್ಣೊರೆಸಿಕೊಂಡು, ಹೊರಗಿನವರು ಯಾರೂ ಬಂದಿಲ್ಲಪ್ಪ ಎಂದರು. ಅವರು ಏನನ್ನೂ ಮುಚ್ಚಿಡುತ್ತಿರಲಿಲ್ಲ. ಡಾಕ್ಟರಮ್ಮ ಅವರ ಲೆಕ್ಕದಲ್ಲಿ ಹೊರಗಿನವಳೇ ಆಗಿರಲಿಲ್ಲ.

ಹಾಗಾದರೆ ಹುಲ್ಲಿನ ಗಾಡಿಯವನೇ ತಂದಿರಬೇಕು ಎಂದ ಸಹಾಯಕ. ಅವನು ಹತ್ತಾರು ಕೊಟ್ಟಿಗೆ ಸುತ್ತುವವನು, ಗಾಡಿ ನಿಲ್ಲಿಸಿಬಿಡೋಣ ಎಂದ. ಹುಲ್ಲು ತಂದು ಗೇಟಿನಾಚೆ ನಿಂತಿದ್ದ ಗಾಡಿಯವನ ಮುಖ ಬಿಳಿಚಿಕೊಂಡಿತು. ತಾನು ಹುಲ್ಲನ್ನು ಗೇಟಿನಲ್ಲೇ ಇಳಿಸುವುದು, ಒಳಗೆ ಕಾಲಿಟ್ಟಿಲ್ಲ ಎಂದು ಬೇಡಿಕೊಂಡ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಡಾಕ್ಟರಮ್ಮನ ಎದೆ ಒಂದು ಕ್ಷಣ ಹಗುರಾಯಿತು. ಹಗುರಾಯಿತಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಊರಿಗೆಲ್ಲ ಬುದ್ಧಿ ಹೇಳಿದವಳು ಈಗ ಒಬ್ಬ ಬಡಪಾಯಿಯ ಬೆನ್ನ ಹಿಂದೆ ಅವಿತುಕೊಳ್ಳಲು ಹೊರಟಿದ್ದಳು.

"ಅವನಲ್ಲ," ಎಂದಳು. "ನಾನು ಬಂದಿದ್ದೆ. ಆ ಹೋರಿಗಳ ಬಾಯಿ ನೋಡಿದ ಕೋಟಲ್ಲೇ ಬಂದಿದ್ದೆ."

ಸಹಾಯಕ ನೆಲ ನೋಡಿದ. ಬೀಗಿತ್ತಿಯ ಕಣ್ಣು ಅಂದು ಕರು ಚೀಪಿದ್ದ ಅವಳ ತೋಳಿನ ಮೇಲೆ ನಿಂತಿತು.

"ಅವತ್ತೇ ಒಂದು ಮಾತು ಹೇಳಬಹುದಿತ್ತಲ್ಲ. ನಾನೇನು ಬೇಜಾರು ಮಾಡ್ಕೋತಿದ್ನಾ?"

ಡಾಕ್ಟರಮ್ಮ ತಲೆ ತಗ್ಗಿಸಿ ಹೊರಟಳು. ಬೀಗಿತ್ತಿ ಮೂಲೆಯಲ್ಲಿದ್ದ ತೊಟ್ಟಿಯನ್ನು ಎರಡೂ ಕೈಯಿಂದ ಎಳೆದು ತಂದು ಅವಳ ಕಾಲ ಮುಂದಿಟ್ಟರು.

"ಅದ್ದಿ ಹೋಗಿ ಡಾಕ್ಟ್ರೇ."

ಅವಳು ಬೂಟು ಅದ್ದಿದಳು. ಮನೆಯೊಳಗೆ ಮಗು ಅಳುತ್ತಿತ್ತು. ಒಳಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ.